ತೋಟಕ್ಕೆ ನೀರು ಬಿಡಲು ಫೋರ್ತ್ ಮೇಲೊಂದು ಪುಟ್ಟ ಭಾಷೆ ಕಟ್ಟಿದ್ದು

ಪಂಪ್‌ಸೆಟ್ ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ಅಪ್ಪ ಒಂದು ನೋಟ್‌ಬುಕ್ ನೇತುಹಾಕಿದ್ದಾರೆ. ಯಾವ ದಿನ ಯಾವ ವಾಲ್ವ್ ಎಷ್ಟು ಹೊತ್ತು ಅಂತ ಅದರಲ್ಲಿ ಬರೆದಿರುತ್ತದೆ. ಒಂದು ಪುಟ ಹೀಗಿತ್ತು:

    ಸೋಮವಾರ
    1, 2 ವಾಲ್ವ್ 1 ಗಂಟೆ 15 ನಿಮಿಷ
    3ನೇ ವಾಲ್ವ್ ಮುಕ್ಕಾಲು ಗಂಟೆ
    ಮಳೆ ಬಂದ್ರೆ ಬೇಡ

ನಮ್ಮದು ಸಾಗರದ ಕಡೆ ಅಡಿಕೆ ತೋಟ. ಆರು ವಾಲ್ವ್, ಒಂದು ಮೋಟರ್. ಡಿಸೆಂಬರ್‌ನಿಂದ ಮೇ ತನಕ ನೀರಿನದೇ ಕೆಲಸ. ಥ್ರೀ ಫೇಸ್ ಕರೆಂಟ್ ಬರುವುದು ಹೆಚ್ಚಾಗಿ ರಾತ್ರಿ, ಅದೂ ಹೇಳಿ ಕೇಳಿ ಬರುವುದಲ್ಲ. ಎಪ್ಪತ್ತು ದಾಟಿದ ಅಪ್ಪ ಟಾರ್ಚ್ ಹಿಡಿದು ನಡುರಾತ್ರಿ ತೋಟಕ್ಕಿಳಿಯುವುದನ್ನು ನಿಲ್ಲಿಸಬೇಕಿತ್ತು. ಹಾಗಾಗಿ 24 ವೋಲ್ಟಿನ ಕರೆಂಟಿನಲ್ಲಿ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್‌ಗಳು, ಎಂಟು ರಿಲೇ (ಕಂಪ್ಯೂಟರ್ ಹೇಳಿದಂತೆ ಆನ್, ಆಫ್ ಆಗುವ ಸ್ವಿಚ್) ಇರುವ ಬೋರ್ಡ್, ಒಂದು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ತಂದು ಜೋಡಿಸಿದೆ. ಸ್ಟಾರ್ಟರ್‌ಗೆ ಹೋಗುವ ವೈರಿಂಗ್ ಮಾತ್ರ ನಾನು ಮುಟ್ಟಲಿಲ್ಲ. ಅದನ್ನು ಊರಿನ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿದ್ದು. ನೀವೂ ಹಾಗೇ ಮಾಡಿ.

ವೈರು, ರಿಲೇ ಕೆಲಸ ಎರಡು ದಿನದಲ್ಲಿ ಮುಗಿಯಿತು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೇ ಮಾತು: ನನ್ನ ಬೋರ್ಡಿನಲ್ಲಿ ಪಿನ್ ಸೊನ್ನೆಗೆ ಇಳಿದರೆ ರಿಲೇ ಆನ್. ಅದು ಗೊತ್ತಿಲ್ಲದೆ ಮೊದಲ ದಿನ ಎಲ್ಲವೂ ಉಲ್ಟಾ ಓಡಿತು. ಆಫ್ ಅಂದಿದ್ದು ಆನ್, ಆನ್ ಅಂದಿದ್ದು ಆಫ್.

ನಿಜವಾದ ತಲೆನೋವು ಬೇರೆ. ವೇಳಾಪಟ್ಟಿ ಪ್ರತಿ ವಾರ ಬದಲಾಗುತ್ತದೆ. ಗೊಬ್ಬರ ಹಾಕಿದ ವಾರ ಒಂದು, ಬಿಸಿಲು ಏರಿದರೆ ಇನ್ನೊಂದು. ನಾನು ಬೆಂಗಳೂರಿನಲ್ಲಿ ಕೂತು ಪ್ರತಿ ಸಲ ಕೋಡ್ ತಿದ್ದುವ ಹಾಗಿರಬಾರದು. ಅಪ್ಪನೇ ಬದಲಾಯಿಸಬೇಕು. ಬಟನ್‌ಗಳಿರುವ ಆ್ಯಪ್ ಮಾಡೋಣ ಅಂದುಕೊಂಡೆ. ಆಮೇಲೆ ನೋಟ್‌ಬುಕ್ ಇನ್ನೊಮ್ಮೆ ನೋಡಿದೆ. ಅವರ ಹತ್ತಿರ ಆಗಲೇ ಒಂದು ಭಾಷೆ ಇದೆಯಲ್ಲ! ನನ್ನ ಕೆಲಸ ಅದನ್ನು ಯಂತ್ರಕ್ಕೆ ಕಲಿಸುವುದಷ್ಟೇ. ಇಂಥ ಒಂದೇ ಕೆಲಸಕ್ಕೆಂದು ಮಾಡಿದ ಪುಟ್ಟ ಭಾಷೆಗೆ ನಮ್ಮ ಪ್ರೋಗ್ರಾಮರ್‌ಗಳು ಡಿಎಸ್ಎಲ್ ಅನ್ನುತ್ತಾರೆ. ಅದನ್ನು ಸೊನ್ನೆಯಿಂದ ಕಟ್ಟಬೇಕಿಲ್ಲ. ಇರುವ ಭಾಷೆಯೊಂದರ ಹೆಗಲ ಮೇಲೆ ಕೂರಿಸಬಹುದು.

ನನಗೆ ಚೆನ್ನಾಗಿ ಗೊತ್ತಿರುವ ಪ್ರೋಗ್ರಾಮಿಂಗ್ ಭಾಷೆ ರೂಬಿ. ಈ ಕೆಲಸಕ್ಕೆ ಅದು ಹೆಸರುವಾಸಿ ಕೂಡ. ಸಂಖ್ಯೆಗಳ ಕ್ಲಾಸನ್ನೇ ತೆರೆದು ಅದಕ್ಕೆ ‘ನಿಮಿಷ’ ಅನ್ನುವ ಮೆಥಡ್ ಸೇರಿಸಬಹುದು. ಕನ್ನಡ ಹೆಸರುಗಳಿಗೂ ತಕರಾರಿಲ್ಲ. ಕ್ಲಾಸಿನ ಹೆಸರು ಮಾತ್ರ ಕನ್ನಡದಲ್ಲಿ ಶುರುವಾಗುವ ಹಾಗಿಲ್ಲ, ಯಾಕೆಂದರೆ ರೂಬಿಗೆ ಅಲ್ಲಿ ದೊಡ್ಡಕ್ಷರ ಬೇಕು, ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ. ಒಂದು ಸಂಜೆಯಲ್ಲಿ ಇದು ಓಡಿತು:

    ವಾಲ್ವ್(3).ಬಿಡು(20.ನಿಮಿಷ)

ನನಗೆ ಭಾರೀ ಖುಷಿ. ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ಓದಿದರು. “ವಾಲ್ವ್ ಮೂರು ಬಿಡು ಇಪ್ಪತ್ತು ನಿಮಿಷ... ಇದ್ಯಾವ ಕನ್ನಡ ಮಾರಾಯ?”

ಅವರು ಹೇಳಿದ್ದು ಸರಿಯಾಗಿತ್ತು. ಅಕ್ಷರ ಕನ್ನಡದ್ದು, ವಾಕ್ಯ ಕನ್ನಡದ್ದಲ್ಲ. ನಾವು ಬೇಕಾದ್ದನ್ನೆಲ್ಲ ಮೊದಲು ಮುಂದಿಟ್ಟುಕೊಂಡು ಕ್ರಿಯಾಪದವನ್ನು ಕೊನೆಗೆ ಹೇಳುವವರು. ರೂಬಿ, ಪೈಥಾನ್ ಎಲ್ಲ ಮೊದಲು ಕೆಲಸ ಹೇಳಿ, ಆಮೇಲೆ ಆವರಣ ತೆಗೆದು ಸಾಮಾನು ತುಂಬುತ್ತವೆ. ಆವರಣ, ಚುಕ್ಕಿ ತಪ್ಪಿಸಲು ಎರಡು ವಾರಾಂತ್ಯ ಒದ್ದಾಡಿದೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯಿತು.

ಆಗ ನೆನಪಾಗಿದ್ದು ಫೋರ್ತ್. ಕಾಲೇಜಿನಲ್ಲಿ ಸುಮ್ನೆ ಕುತೂಹಲಕ್ಕೆ ಮುಟ್ಟಿ ಬಿಟ್ಟಿದ್ದ ಭಾಷೆ. ಚಕ್ ಮೂರ್ ಕಟ್ಟಿದ್ದು. 1970ರ ದಶಕದ ಶುರುವಿನಲ್ಲಿ ಅಮೆರಿಕದ ಅರಿಜೋನಾದ ಕಿಟ್ ಪೀಕ್‌ನಲ್ಲಿ ರೇಡಿಯೋ ದೂರದರ್ಶಕ ನಡೆಸಲು ಅದನ್ನು ಬಳಸಿದ್ದರು. ಅಲ್ಲಿ ತಿರುಗಿಸಬೇಕಿದ್ದು ದೊಡ್ಡ ಆಂಟೆನಾ, ಇಲ್ಲಿ ಎರಡಿಂಚಿನ ವಾಲ್ವ್. ಕೆಲಸದ ಜಾತಿ ಒಂದೇ.

ಫೋರ್ತ್‌ಗೆ ವ್ಯಾಕರಣ ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ಖಾಲಿ ಜಾಗದಿಂದ ಖಾಲಿ ಜಾಗಕ್ಕೆ ಒಂದೊಂದು ಪದ ಓದುತ್ತದೆ. ಆ ಪದ ತನ್ನ ನಿಘಂಟಿನಲ್ಲಿದ್ದರೆ ಅದರ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಅದು ಸಂಖ್ಯೆಯೇ ಅಂತ ನೋಡುತ್ತದೆ. ಸಂಖ್ಯೆಯಾದರೆ ಸ್ಟ್ಯಾಕ್ ಮೇಲೆ ಇಡುತ್ತದೆ, ಊಟಕ್ಕೆ ಹಾಳೆ ತಟ್ಟೆ ಒಂದರ ಮೇಲೊಂದು ಪೇರಿಸಿದ ಹಾಗೆ. ಎರಡೂ ಅಲ್ಲದಿದ್ದರೆ ಬೈಯುತ್ತದೆ. ಅಷ್ಟೇ. ಪದದಲ್ಲಿ ಯಾವ ಅಕ್ಷರವೂ ಇರಬಹುದು. ಮುಖ್ಯವಾದ ಮಾತು, ಸಾಮಾನು ಮೊದಲು, ಕ್ರಿಯೆ ಕೊನೆಗೆ. ಅಂದರೆ

    3 ವಾಲ್ವ್ 20 ನಿಮಿಷ ಬಿಡು

ಅನ್ನುವುದು ಇದ್ದ ಹಾಗೇ ಫೋರ್ತ್ ಪ್ರೋಗ್ರಾಂ. ಪದಗಳ ಅರ್ಥ ಹೇಳಿಕೊಟ್ಟರೆ ಸಾಕು.

ಪೈ ಮೇಲೆ ಫೋರ್ತ್ ಓಡಿಸುವ ಜಿಫೋರ್ತ್ ಎಂಬ ತಂತ್ರಾಂಶ ಹಾಕಿಕೊಂಡೆ. ಹೊಸ ಪದ ಕಲಿಸುವುದು ಎರಡು ಚುಕ್ಕಿಯಿಂದ ಶುರು, ಅರ್ಧವಿರಾಮದಿಂದ ಮುಕ್ತಾಯ. ಅದರ ವೇರಿಯಬಲ್‌ಗೆ ‘ಡಬ್ಬಿ’ ಅಂತ ಅಡ್ಡಹೆಸರಿಟ್ಟೆ. ಮೊದಲ ಆವೃತ್ತಿ:

    ಡಬ್ಬಿ ಈಗಿನ-ವಾಲ್ವ್
    : ವಾಲ್ವ್ ಈಗಿನ-ವಾಲ್ವ್ ! ;
    : ನಿಮಿಷ 60 * ;
    : ಗಂಟೆ 3600 * ;

ಆಶ್ಚರ್ಯಸೂಚಕ ಚಿಹ್ನೆಗೆ ಇಲ್ಲಿ ‘ಡಬ್ಬಿಯಲ್ಲಿ ಹಾಕು’ ಎಂಬ ಅರ್ಥ. ‘ಬಿಡು’ ಸ್ಟ್ಯಾಕ್ ಮೇಲಿನ ಸೆಕೆಂಡುಗಳನ್ನು ತೆಗೆದುಕೊಂಡು, ರಿಲೇಯ ಪಿನ್ ಬದಲಿಸುವ ಲಿನಕ್ಸ್ ಕಮಾಂಡನ್ನು ಕರೆದು, ಅಷ್ಟು ಹೊತ್ತು ಕಾಯುತ್ತದೆ.

ಮೊದಲ ರಾತ್ರಿಯೇ ಎಡವಟ್ಟು. 1 ಗಂಟೆ 15 ನಿಮಿಷ ಬಿಡಬೇಕಿದ್ದ ಕಡೆ ಬರೀ 15 ನಿಮಿಷ ನೀರು ಹೋಗಿತ್ತು. ಕಾರಣ ಹುಡುಕಲು ಕಷ್ಟವಾಗಲಿಲ್ಲ. ‘1 ಗಂಟೆ’ 3600 ಅನ್ನು ಸ್ಟ್ಯಾಕ್ ಮೇಲೆ ಇಟ್ಟಿತು, ‘15 ನಿಮಿಷ’ ಅದರ ಮೇಲೆ 900 ಇಟ್ಟಿತು. ‘ಬಿಡು’ ಮೇಲಿನ ಒಂದು ತಟ್ಟೆ ಎತ್ತಿಕೊಂಡು ಹೋಯಿತು. ಕೆಳಗಿನ ಒಂದು ಗಂಟೆ ಅಲ್ಲೇ ಉಳಿಯಿತು. ಹೊತ್ತನ್ನು ಕೂಡಿಸುತ್ತ ಹೋಗುವ ಡಬ್ಬಿಯೊಂದು ಬೇಕು (‘+!’ ಅಂದರೆ ಡಬ್ಬಿಯಲ್ಲಿ ಇರುವುದಕ್ಕೆ ಕೂಡಿಸು):

    ಡಬ್ಬಿ ಸಮಯ
    : ನಿಮಿಷ 60 * ಸಮಯ +! ;
    : ಗಂಟೆ 3600 * ಸಮಯ +! ;
    : ಘಂಟೆ ಗಂಟೆ ;

‘ಬಿಡು’ ಈಗ ಸಮಯದ ಡಬ್ಬಿ ನೋಡಿ, ಕೆಲಸ ಮುಗಿದ ಮೇಲೆ ಅದನ್ನು ಸೊನ್ನೆ ಮಾಡುತ್ತದೆ. ಕೊನೆಯ ಸಾಲು ಅಮ್ಮನಿಗಾಗಿ. ಅವರು ಯಾವತ್ತೂ ‘ಘಂಟೆ’ ಅಂತಲೇ ಬರೆಯುವುದು.

‘ಮುಕ್ಕಾಲು ಗಂಟೆ’ ಇನ್ನೊಂದು ತೊಡಕು. ಈ ಸ್ಟ್ಯಾಕ್ ಮೇಲೆ ಪೂರ್ಣ ಸಂಖ್ಯೆಗಳಷ್ಟೇ ಇರುತ್ತವೆ. ಮುಕ್ಕಾಲು ಅನ್ನುವ ಸಂಖ್ಯೆಯೇ ಅದಕ್ಕೆ ಗೊತ್ತಿಲ್ಲ. ದಶಮಾಂಶಕ್ಕೆ ಬೇರೆ ಸ್ಟ್ಯಾಕ್ ಇದೆ, ಆದರೆ ಅದನ್ನು ಒಳಗೆ ತಂದರೆ ಎಲ್ಲ ಪದಗಳನ್ನೂ ಎರಡೆರಡು ಸಲ ಬರೆಯಬೇಕು. ಸ್ವಲ್ಪ ಕಳ್ಳದಾರಿ ಹಿಡಿದೆ:

    : ಕಾಲು 900 ಸಮಯ +! 0 ;
    : ಅರ್ಧ 1800 ಸಮಯ +! 0 ;
    : ಮುಕ್ಕಾಲು 2700 ಸಮಯ +! 0 ;
    : ಒಂದೂವರೆ 5400 ಸಮಯ +! 0 ;

‘ಮುಕ್ಕಾಲು’ ತನ್ನ ಪಾಲಿನ ಸೆಕೆಂಡುಗಳನ್ನು ಆಗಲೇ ಡಬ್ಬಿಗೆ ಹಾಕಿ, ಸೊನ್ನೆಯೊಂದನ್ನು ಇಟ್ಟು ಹೋಗುತ್ತದೆ. ಹಿಂದೆ ಬರುವ ‘ಗಂಟೆ’ ಆ ಸೊನ್ನೆಯನ್ನು ಗುಣಿಸಿ ಸೊನ್ನೆಯನ್ನೇ ಸೇರಿಸುತ್ತದೆ. ಯಾರಾದರೂ ‘ಅರ್ಧ ನಿಮಿಷ’ ಅಂತ ಬರೆದರೆ ಅರ್ಧ ಗಂಟೆ ನೀರು ಹೋಗುತ್ತದೆ, ನಿಜ. ಅಡಿಕೆ ಮರಕ್ಕೆ ಅರ್ಧ ನಿಮಿಷ ನೀರು ಬಿಡುವವರು ಯಾರೂ ಇಲ್ಲ. ಸಾರ್ವತ್ರಿಕ ಭಾಷೆಯಲ್ಲಿ ಇದು ತಪ್ಪು, ನಮ್ಮ ತೋಟದ ಭಾಷೆಯಲ್ಲಿ ನಡೆಯುತ್ತದೆ. ಈ ಸ್ವಾತಂತ್ರ್ಯ ನನಗೆ ಬಹಳ ಇಷ್ಟವಾಯಿತು.

ಆಮೇಲೆ ಶುರುವಾಗಿದ್ದು ಕಣ್ಣಿಗೆ ಕಾಣದ ಕಾಟ. ಪೈನ ವೈಫೈಗೆ ಫೋನ್ ಸೇರಿಸಿದರೆ ಒಂದು ಪುಟ ತೆರೆಯುತ್ತದೆ. ಅದರಲ್ಲಿ ಬರೆಯಲು ಒಂದೇ ಜಾಗ, ಕೆಳಗೆ ‘ಉಳಿಸು’ ಬಟನ್. ಅಪ್ಪ ಫೋನಿನಲ್ಲಿ ‘ವಾಲ್ವ್’ ಅಂತ ಬರೆದರೆ ಜಿಫೋರ್ತ್ ‘ಈ ಪದ ಗೊತ್ತಿಲ್ಲ’ ಅನ್ನುತ್ತಿತ್ತು. ನಾನು ಲ್ಯಾಪ್‌ಟಾಪಿನಲ್ಲಿ ಅದೇ ಪದ ಬರೆದರೆ ಸರಿ. ಎರಡನ್ನೂ ಪಕ್ಕಪಕ್ಕ ಇಟ್ಟು ಅರ್ಧ ಗಂಟೆ ದಿಟ್ಟಿಸಿದೆ. ಕೊನೆಗೆ ಬೈಟ್‌ಗಳನ್ನು ಎಣಿಸಿದಾಗ ಸಿಕ್ಕಿತು. ಅಪ್ಪನ ‘ವಾಲ್ವ್’ ನನ್ನದಕ್ಕಿಂತ ಮೂರು ಬೈಟ್ ಹೆಚ್ಚು ಉದ್ದ. ಅವರ ಕೀಬೋರ್ಡ್ ಕೊನೆಯ ಅರ್ಧಾಕ್ಷರ ಆದ ಮೇಲೆ ಝಡ್‌ಡಬ್ಲ್ಯುಎನ್‌ಜೆ ಎಂಬ ಅದೃಶ್ಯ ಅಕ್ಷರ ಸೇರಿಸುತ್ತಿತ್ತು. ‘ಸಾಫ್ಟ್‌ವೇರ್’ ಅನ್ನುವಂಥ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯುವುದು ಅದೇ. ಓದುವವರಿಗೆ ಉಪಕಾರಿ, ಬೈಟ್‌ಗೆ ಬೈಟ್ ಹೋಲಿಸುವ ಫೋರ್ತ್‌ಗೆ ಶತ್ರು. ರೂಬಿಯಲ್ಲೂ ಇದೇ ಗತಿ ಆಗುತ್ತಿತ್ತು, ಅದು ಈ ಅಕ್ಷರವನ್ನು ಹೆಸರಿನೊಳಗೆ ಸುಮ್ಮನೆ ಬಿಟ್ಟುಕೊಳ್ಳುತ್ತದೆ. ಪೈಥಾನ್ ಆದರೆ ಬಾಗಿಲಲ್ಲೇ ತಡೆಯುತ್ತದೆ.

ಇದರ ಜೊತೆಗೆ ದೀರ್ಘಗಳ ಸಮಸ್ಯೆ. ಯುನಿಕೋಡ್‌ನಲ್ಲಿ ‘ತೋ’ ಅಕ್ಷರದ ಓತ್ವವನ್ನು ಒಂದೇ ಸಂಕೇತದಲ್ಲಿ ಬರೆಯಬಹುದು, ತುಂಡು ತುಂಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಮತ್ತೆ ಅಮ್ಮನ ಫೋನಿನಿಂದ 20ರ ಬದಲು ‘೨೦’ ಬರುತ್ತಿತ್ತು. ಕನ್ನಡ ಅಂಕಿ ಫೋರ್ತ್‌ಗೆ ಅಂಕಿಯೇ ಅಲ್ಲ! ಅಪ್ಪನಂತೂ ‘20ನಿಮಿಷ’ ಅಂತ ಸೇರಿಸಿ ಬರೆಯುವವರು.

ಹೀಗಾಗಿ ರೂಬಿ ಪೂರ್ತಿ ಮನೆ ಬಿಟ್ಟು ಹೋಗಲಿಲ್ಲ. ಬರಹ ಫೋರ್ತ್‌ಗೆ ತಲುಪುವ ಮುಂಚೆ ಅದನ್ನು ತೊಳೆಯುವ ಎಂಟು ಸಾಲಿನ ಸ್ಕ್ರಿಪ್ಟ್ ಬರೆದೆ. ಅದೃಶ್ಯ ಅಕ್ಷರ ಕಿತ್ತುಹಾಕುತ್ತದೆ, ದೀರ್ಘಗಳನ್ನು ಒಂದೇ ರೂಪಕ್ಕೆ ತರುತ್ತದೆ, ಕನ್ನಡ ಅಂಕಿ ಬದಲಿಸುತ್ತದೆ, ಅಂಕಿ ಮತ್ತು ಅಕ್ಷರದ ನಡುವೆ ಜಾಗ ಬಿಡಿಸುತ್ತದೆ. ‘3ನೇ’ ಈಗ ‘3 ನೇ’ ಆಗುತ್ತದೆ. ‘ನೇ’ ಅಂದರೇನು ಅಂತ ಫೋರ್ತ್ ಕೇಳಬಾರದಲ್ಲ, ಅದಕ್ಕೆ ಏನೂ ಮಾಡದ ಪದಗಳ ಒಂದು ಸಾಲು:

    : ನೇ ;
    : ನೀರು ;
    : ಮತ್ತು ;
    : ಕರೆಂಟ್ ;

ನೋಡಲು ತಮಾಷೆ, ಆದರೆ ಭಾಷೆಗೆ ಉಸಿರು ಬಂದಿದ್ದೇ ಇಲ್ಲಿ. ‘3ನೇ ವಾಲ್ವ್ 40 ನಿಮಿಷ ನೀರು ಬಿಡು’ ಅಂತ ಮನುಷ್ಯರು ಹೇಳುವ ಹಾಗೆ ಬರೆಯಬಹುದಾಯಿತು.

ಅಲ್ಪವಿರಾಮ ಮಾತ್ರ ನನ್ನನ್ನು ಬೆವರಿಳಿಸಿತು. ಅಪ್ಪ ‘1 , 2 ವಾಲ್ವ್’ ಅಂತ ಜಾಗ ಬಿಟ್ಟು ಬರೆದಿದ್ದರು. ಬೈಗುಳ ಬರಲಿಲ್ಲ, ಎಲ್ಲ ಸರಿ ಅಂದಿತು. ಬೆಳಿಗ್ಗೆ ನೋಡಿದರೆ ಎರಡನೇ ವಾಲ್ವ್‌ನ ಕಡೆ ಮಾತ್ರ ಒದ್ದೆ. ಫೋರ್ತ್‌ನಲ್ಲಿ ಅಲ್ಪವಿರಾಮವೂ ಒಂದು ಪದ! ಸ್ಟ್ಯಾಕ್ ಮೇಲಿನ ಸಂಖ್ಯೆಯನ್ನು ತೆಗೆದು ನಿಘಂಟಿನ ಮೆಮೊರಿಯಲ್ಲಿ ಬರೆದುಬಿಡು ಅಂತ ಅದರ ಅರ್ಥ. 1 ಅಲ್ಲಿಗೆ ಹೋಗಿ ಕೂತಿತ್ತು. ಪೂರ್ಣವಿರಾಮವೂ ಪದವೇ, ಅದು ಮೇಲಿನ ಸಂಖ್ಯೆಯನ್ನು ತೆಗೆದು ತೆರೆಯ ಮೇಲೆ ತೋರಿಸುತ್ತದೆ.

ಇರುವ ಭಾಷೆಯ ಮೇಲೆ ಮನೆ ಕಟ್ಟಿದರೆ ಕೆಳಗಿನ ನೆಲಮಾಳಿಗೆಯೂ ನಿಮ್ಮದೇ, ಅಲ್ಲಿನ ಹಾವೂ ನಿಮ್ಮದೇ. ಫೋರ್ತ್‌ನಲ್ಲಿ ಇದಕ್ಕೆ ಒಳ್ಳೆ ಬಾಗಿಲಿದೆ. ಪದಗಳನ್ನು ಬೇರೆ ಬೇರೆ ಪಟ್ಟಿಗಳಲ್ಲಿಟ್ಟು, ಯಾವ ಪಟ್ಟಿಯಲ್ಲಿ ಹುಡುಕಬೇಕು ಅಂತ ಹೇಳಬಹುದು. ನನ್ನ ಪದಗಳಿಗೆಲ್ಲ ‘ತೋಟ’ ಅನ್ನುವ ಪಟ್ಟಿ ಮಾಡಿದೆ. ಅಪ್ಪನ ಬರಹ ಓದುವಾಗ ಆ ಪಟ್ಟಿ ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ಫೈಲ್ ಅಳಿಸುವ, ಲಿನಕ್ಸ್ ಕಮಾಂಡ್ ಓಡಿಸುವ ಪದಗಳೆಲ್ಲ ಮರೆಯಾದವು. ಅಲ್ಪವಿರಾಮ, ಪೂರ್ಣವಿರಾಮಗಳಿಗೆ ತೋಟದ ಪಟ್ಟಿಯಲ್ಲಿ ಬೇರೆ ಅರ್ಥ ಕೊಟ್ಟೆ, ಅಂದರೆ ಏನೂ ಇಲ್ಲ. ಅಂಟಿಕೊಂಡು ಬಂದ ಚಿಹ್ನೆಗಳನ್ನು ತೊಳೆಯುವ ಸ್ಕ್ರಿಪ್ಟ್ ಬಿಡಿಸುತ್ತದೆ. ‘ವಾಲ್ವ್’ ಪದವನ್ನೂ ತಿದ್ದಿದೆ. ಸ್ಟ್ಯಾಕ್ ಮೇಲೆ ಎಷ್ಟು ಸಂಖ್ಯೆ ಇವೆಯೋ ಅಷ್ಟನ್ನೂ ಅದು ಎತ್ತಿಕೊಳ್ಳುತ್ತದೆ. ಎರಡಕ್ಕಿಂತ ಜಾಸ್ತಿ ಇದ್ದರೆ ಒಪ್ಪುವುದಿಲ್ಲ, ಯಾಕೆಂದರೆ ಮೂರು ವಾಲ್ವ್ ಒಟ್ಟಿಗೆ ತೆಗೆದರೆ ನಮ್ಮ ಮೋಟರ್‌ಗೆ ಪ್ರೆಶರ್ ಸಾಲುವುದಿಲ್ಲ.

‘ಬಂದ್ರೆ’ ಕೆಲಸ ಮಾತ್ರ ಅನಿರೀಕ್ಷಿತವಾಗಿ ಸುಲಭವಾಯಿತು. ಫೋರ್ತ್‌ನ ಷರತ್ತು ಕೂಡ ಉಲ್ಟಾ, ಅಂದರೆ ನಮಗೆ ಸರಿ. ಮೊದಲು ನಿಜವೋ ಸುಳ್ಳೋ ಅನ್ನುವುದು, ಆಮೇಲೆ ‘ಆದರೆ’ ಅನ್ನುವ ಪದ. ‘ಮಳೆ’ ಸ್ಟ್ಯಾಕ್ ಮೇಲೆ ಹೌದು ಅಥವಾ ಇಲ್ಲ ಇಡುತ್ತದೆ, ‘ಬಂದ್ರೆ’, ‘ಬರದಿದ್ರೆ’ ಅದನ್ನು ನೋಡುತ್ತವೆ, ‘ಅಷ್ಟೇ’ ಮುಚ್ಚುತ್ತದೆ. ಒಂದೇ ತಕರಾರು, ಷರತ್ತು ನಡೆಯುವುದು ಹೊಸ ಪದದ ವಿವರಣೆಯ ಒಳಗೆ ಮಾತ್ರ. ಹಾಗಾದರೆ ಪ್ರತಿ ದಿನವೂ ಒಂದು ಪದವೇ ಆಗಲಿ ಅಂದುಕೊಂಡೆ:

    : ದಿನ : ;

ಈ ಸಾಲು ಬರೆದು ನನಗೇ ನಗು ಬಂತು. ಎರಡು ಚುಕ್ಕಿಗೆ ಇನ್ನು ಮೇಲೆ ‘ದಿನ’ ಅನ್ನಬಹುದು ಅಂತ ಇದರ ಅರ್ಥ. ಅರ್ಧವಿರಾಮಕ್ಕೂ ‘ಮುಗೀತು’ ಅಂತ ಹೆಸರಿಟ್ಟೆ. ಇದರಿಂದ ಕೇಳದೇ ಸಿಕ್ಕ ಲಾಭವೊಂದಿದೆ. ‘ಉಳಿಸು’ ಒತ್ತಿದ ಕೂಡಲೇ ಇಡೀ ದಿನದ ಪದ ಕಂಪೈಲ್ ಆಗುತ್ತದೆ, ಅಂದರೆ ಯಂತ್ರ ಅದನ್ನು ಪೂರ್ತಿ ಓದಿ ಓಡಿಸಲು ಸಿದ್ಧ ಮಾಡಿಕೊಳ್ಳುತ್ತದೆ. ತಪ್ಪು ಪದ ಇದ್ದರೆ ಸಂಜೆಯೇ ಗೊತ್ತಾಗುತ್ತದೆ, ರಾತ್ರಿ 3 ಗಂಟೆಗೆ ಅಲ್ಲ. ಈಗ ಸೋಮವಾರ ಹೀಗಿದೆ:

    ದಿನ ಸೋಮವಾರ
      ಮಳೆ ಬರದಿದ್ರೆ
        ಕರೆಂಟ್ ಬಂದಾಗ
        1, 2 ವಾಲ್ವ್ 1 ಗಂಟೆ 15 ನಿಮಿಷ ನೀರು ಬಿಡು.
        3ನೇ ವಾಲ್ವ್ ಮುಕ್ಕಾಲು ಗಂಟೆ ನೀರು ಬಿಡು.
      ಅಷ್ಟೇ
    ಮುಗೀತು

‘ಬಂದಾಗ’ ಥ್ರೀ ಫೇಸ್ ಬರುವ ತನಕ ಕಾಯುತ್ತದೆ. ಪೈಗೆ ಬ್ಯಾಟರಿ ಇದೆ, ಮೂರೂ ಫೇಸ್ ಇವೆಯೇ ಅಂತ ನೋಡುವ ರಿಲೇ ಅದಕ್ಕೆ ಸುದ್ದಿ ಕೊಡುತ್ತದೆ. ‘ಬಿಡು’ ಕೂಡ ಪ್ರತಿ ಸೆಕೆಂಡಿಗೂ ಅದನ್ನು ನೋಡಿ, ಕರೆಂಟ್ ಇದ್ದ ಸೆಕೆಂಡುಗಳನ್ನಷ್ಟೇ ಎಣಿಸುತ್ತದೆ. ನಡುವೆ ಹೋಗಿ ಬಂದರೆ ಉಳಿದಷ್ಟು ಹೊತ್ತು ಮುಂದುವರಿಯುತ್ತದೆ.

‘ಬಿಡು’ ಒಳಗೆ ಇನ್ನೊಂದು ವಿಷಯ ಇದೆ, ಅದನ್ನು ಕಲಿತದ್ದು ನಷ್ಟ ಮಾಡಿಕೊಂಡು. ನನ್ನ ಮೊದಲ ‘ಬಿಡು’ ಹೊತ್ತು ಮುಗಿದ ಕೂಡಲೇ ತನ್ನ ವಾಲ್ವ್ ಮುಚ್ಚುತ್ತಿತ್ತು, ಆಮೇಲೆ ಮುಂದಿನ ಸಾಲು ಬೇರೆ ವಾಲ್ವ್ ತೆರೆಯುತ್ತಿತ್ತು. ಪ್ರೋಗ್ರಾಮರ್ ಕಣ್ಣಿಗೆ ಅಚ್ಚುಕಟ್ಟು. ಆ ನಡುವಿನ ಎರಡು ಸೆಕೆಂಡು ಮೋಟರ್ ಓಡುತ್ತಿದೆ, ನೀರಿಗೆ ದಾರಿ ಇಲ್ಲ. ಮೂರನೇ ರಾತ್ರಿ ಮೇನ್ ಲೈನಿನ ಎಲ್ಬೋ ಹಾರಿಹೋಯಿತು. ಅಪ್ಪ ಸಲ್ಯೂಷನ್ ಹಚ್ಚುತ್ತ ಹೇಳಿದರು, “ಮೊದ್ಲು ಮುಂದಿನದ್ದು ತೆಗೀಬೇಕು, ಆಮೇಲೆ ಹಿಂದಿನದ್ದು ಮುಚ್ಚಬೇಕು. ಇದು ಯಾರಿಗೆ ಗೊತ್ತಿಲ್ಲ?” ನನಗೆ ಗೊತ್ತಿರಲಿಲ್ಲ. ನೋಟ್‌ಬುಕ್‌ನಲ್ಲಿ ಅದು ಬರೆದಿರಲಿಲ್ಲ, ಅದು ಅವರ ಕೈಯಲ್ಲಿತ್ತು. ಈಗ ‘ಬಿಡು’ ಹೊಸ ವಾಲ್ವ್ ತೆರೆದು, ಹತ್ತು ಸೆಕೆಂಡು ಕಾದು, ಆಮೇಲೆ ಹಳೆಯದನ್ನು ಮುಚ್ಚುತ್ತದೆ. ಕೊನೆಯ ವಾಲ್ವ್ ತೆರೆದೇ ಇರುತ್ತದೆ. ಮೋಟರ್ ನಿಲ್ಲಿಸಿ ಅದನ್ನು ಮುಚ್ಚುವ ಕೆಲಸವನ್ನು ‘ಮುಗೀತು’ಗೆ ವಹಿಸಿದೆ.

ಮಳೆಯ ವಿಷಯದಲ್ಲಿ ನಾನು ಸೋತಿದ್ದೇನೆ ಅಂತ ಒಪ್ಪಿಕೊಳ್ಳುವುದು ಒಳ್ಳೆಯದು. ಹನಿ ಬಿದ್ದರೆ ಗೊತ್ತಾಗುವ ತಟ್ಟೆಯಂಥ ಸೆನ್ಸರ್ ಹಾಕಿದ್ದೆ. ಜನವರಿಯ ಇಬ್ಬನಿಯನ್ನೂ ಅದು ಮಳೆ ಅಂದುಕೊಂಡು ಎರಡು ದಿನ ತೋಟ ಒಣಗಿಸಿತು. ಸದ್ಯಕ್ಕೆ ಶೆಡ್ಡಿನಲ್ಲಿ ‘ಮಳೆ’ ಅಂತ ಪಟ್ಟಿ ಅಂಟಿಸಿದ ಮಾಮೂಲಿ ಸ್ವಿಚ್ ಇದೆ. ಮಳೆ ಬಂದರೆ ಅಪ್ಪ ಅದನ್ನು ಹಾಕುತ್ತಾರೆ.

ಫೆಬ್ರವರಿಯಲ್ಲಿ ಅಪ್ಪ ಫೋನ್ ಮಾಡಿದರು. ಮೋಟರ್ ನಡುನಡುವೆ ನಿಂತು ಮತ್ತೆ ಶುರುವಾಗುತ್ತಿದೆ, ಯಾಕೆ ಅಂತ. ಸ್ಟಾರ್ಟರ್ ಕೆಟ್ಟಿದೆ ಅಂದುಕೊಂಡೆ. ಊರಿಗೆ ಹೋದಾಗ ಫೈಲ್ ತೆರೆದು ನೋಡಿದರೆ, ನಾನು ಬರೆಯದ ಸಾಲೊಂದು ಮೇಲ್ಗಡೆ ಇತ್ತು:

    ದಿನ ಮೇಲ್ತೋಟ 1, 2 ವಾಲ್ವ್ ಮುಗೀತು

ಕೆಳಗೆ ಎಲ್ಲ ವಾರಗಳಲ್ಲೂ ‘ಮೇಲ್ತೋಟ 1 ಗಂಟೆ ನೀರು ಬಿಡು’. ಯಾರು ಹೇಳಿಕೊಟ್ಟರು ಅಂತ ಕೇಳಿದೆ. “ಯಾರೂ ಇಲ್ಲ. ಸೋಮವಾರ ಅಂದ್ರೆ ಏನು ಅಂತ ಹೀಗೇ ಅಲ್ವಾ ಹೇಳೋದು? ಮೇಲ್ತೋಟ ಅಂದ್ರೆ ಏನು ಅಂತಾನೂ ಹೇಳಿದೆ.”

ದಿನಗಳಿಗಷ್ಟೇ ಅಂತ ನಾನಿಟ್ಟಿದ್ದ ಪದವನ್ನು ಅವರು ಹೆಸರಿಡುವ ಪದವಾಗಿ ಓದಿಕೊಂಡಿದ್ದರು. ಅದು ಓಡಿತು ಕೂಡ, ಯಾಕೆಂದರೆ ಒಳಗಿರುವುದು ಬರೀ ಎರಡು ಚುಕ್ಕಿ. ತೊಂದರೆ ಇದ್ದದ್ದು ನನ್ನ ‘ಮುಗೀತು’ನಲ್ಲಿ. ಅಪ್ಪ ‘ಮೇಲ್ತೋಟ’ ಅಂದಾಗಲೆಲ್ಲ ಅದು ದಿನವೇ ಮುಗಿಯಿತು ಅಂದುಕೊಂಡು ಮೋಟರ್ ನಿಲ್ಲಿಸುತ್ತಿತ್ತು. ಆ ಕೆಲಸವನ್ನು ಅಲ್ಲಿಂದ ಕಿತ್ತು, ನಡುರಾತ್ರಿ ಆಯಾ ದಿನದ ಪದವನ್ನು ಹುಡುಕಿ ಓಡಿಸುವ ತುಣುಕಿಗೆ ಸೇರಿಸಿದೆ. ಜೊತೆಗೆ ‘ಪದ’ ಅನ್ನುವ ಹೊಸ ಹೆಸರನ್ನೂ ಕೊಟ್ಟೆ, ‘ಪದ ಮೇಲ್ತೋಟ’ ಅಂತ ಬರೆಯಬಹುದು ಅಂದೆ. ಅಪ್ಪ ತಲೆಯಾಡಿಸಿದರು. ಮೊನ್ನೆ ನೋಡಿದರೆ ‘ದಿನ ಕೆಳತೋಟ’, ‘ದಿನ ತೆಂಗಿನಸಾಲು’ ಎರಡು ಸೇರಿಕೊಂಡಿವೆ.